ತೋಳಿಗಿಂತ ಮೊದಲು ಕಲಿತದ್ದು

ಶಿವಗಂಗವ್ವನ ಬಲಗೈ ಸೋತದ್ದು ರೊಟ್ಟಿ ಬಡಿಯುತ್ತಿರುವಾಗಲೇ. ಹುಬ್ಬಳ್ಳಿಯ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವಳ ಖಾನಾವಳಿ. ಮಧ್ಯಾಹ್ನದ ಊಟದ ಗದ್ದಲ ಏರಿದ್ದ ಹೊತ್ತು. ಎರಡೂ ಅಂಗೈ ಒಂದೇ ಲಯದಲ್ಲಿ ಹಿಟ್ಟಿನ ಮೇಲೆ ಬೀಳುತ್ತಿದ್ದವು, ನಡುವೆ ಒಂದು ಕೈಯ ಸಪ್ಪಳ ನಿಂತಿತು. ಉಣ್ಣಲು ಕೂತವರಲ್ಲಿ ಕೆಲವರು ತಲೆ ಎತ್ತಿ ನೋಡಿದರು. ಗಂಗವ್ವ ಕೈ ಎತ್ತಲು ಹೋದಳು, ಅದು ಬರಲಿಲ್ಲ. ಕೈ ಜೋಮು ಹಿಡಿದಿದೆ ಎಂದು ಹೇಳಹೋದಳು, ಬಾಯಿಂದ ಅರ್ಥವಿಲ್ಲದ ಏನೋ ಹೊರಟಿತು.

ತಂಗಿ ನೀಲಾಂಬಿಕಾ ಆಸ್ಪತ್ರೆಗೆ ಓಡಿ ಬರುವ ಹೊತ್ತಿಗೆ ವೈದ್ಯರು ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿ ಕೊಟ್ಟಾಗಿತ್ತು. ಜೀವಕ್ಕೆ ಅಪಾಯವಿಲ್ಲ, ಮಾತೂ ಬರುತ್ತದೆ, ಬಲಗೈಯದೇ ಚಿಂತೆ ಎಂದರು. ಕೆಲ ದಿನಗಳಲ್ಲಿ ಮಾತು ತೊದಲುತ್ತಾ ಮರಳಿತು. ಕೈ ಮಾತ್ರ ಹಾಸಿಗೆಯ ಮೇಲೆ ಯಾರೋ ಮರೆತು ಬಿಟ್ಟು ಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ನೀಲಾ ಆ ಅಂಗೈಯೊಳಗೆ ತನ್ನ ತೋರುಬೆರಳಿಟ್ಟು, "ಹಿಡಿ ಅಕ್ಕಾ" ಎಂದಳು. ತುಸು ಹೊತ್ತಾದ ಮೇಲೆ ಆ ಬೆರಳುಗಳು ಮಡಚಿಕೊಂಡವು, ಹಸುಗೂಸಿನ ಹಿಡಿತದ ಹಾಗೆ, ಇದೆಯೋ ಇಲ್ಲವೋ ಎನ್ನುವಷ್ಟು.

"ಬಂತು ನೋಡು!" ಎಂದಳು ನೀಲಾ.

"ಇಷ್ಟ ಬಂದ್ರ ಏನ್ ಮಾಡೂದು?" ಎಂದಳು ಗಂಗವ್ವ. "ರೊಟ್ಟಿ ಬಡಿಯಾಕ ಬರಬೇಕವಾ."

ತಾಯಿ ತೀರಿಕೊಂಡಾಗ ನೀಲಾ ಇನ್ನೂ ಲಂಗ ಉಡುವ ವಯಸ್ಸಿನವಳು. ಆಗಷ್ಟೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅಕ್ಕನೇ ಖಾನಾವಳಿ ಹಾಕಿ ಅವಳನ್ನು ಓದಿಸಿದ್ದಳು. ಈಗಲೂ ಇಬ್ಬರ ವಾಸ ಖಾನಾವಳಿಯ ಮೇಲಿನ ಅಟ್ಟದ ಮನೆಯಲ್ಲೇ. ನೀಲಾ ದಿನವೂ ಕೆಲಸಕ್ಕೆ ಹೋಗುತ್ತಿದ್ದ ಜಾಗ ಧಾರವಾಡ ರಸ್ತೆಯಲ್ಲಿದ್ದ ಪುನಶ್ಚೇತನ ಕೇಂದ್ರ. ಅಲ್ಲಿ ಅವಳು ಮಾಡುತ್ತಿದ್ದುದು ಲಕ್ವಾ ಹೊಡೆದವರಿಗೆ ತೊಡಿಸುವ ತೋಳುಗವಸಿನ ಸಂಶೋಧನೆ. ಇಷ್ಟು ದಿನ ಅದು ಪರರ ಕಷ್ಟವಾಗಿತ್ತು.

ತೋಳುಗವಸೆಂದರೆ ಹೆಗಲಿನಿಂದ ಬೆರಳ ತುದಿಯವರೆಗೆ ತೊಡುವ ಬಟ್ಟೆಯ ಕವಚ. ಒಳಮೈಗೆ ಅಂಟಿದ ಸೆನ್ಸರುಗಳು ಸ್ನಾಯುಗಳಲ್ಲಿ ಹುಟ್ಟುವ ಸಣ್ಣ ವಿದ್ಯುತ್ ಸಂಕೇತಗಳನ್ನು ಆಲಿಸುತ್ತವೆ. ಹೊರಮೈಯ ಸಣ್ಣ ಮೋಟಾರುಗಳು ತಂತಿ ಎಳೆದು ತೋಳನ್ನು ಎತ್ತುತ್ತವೆ, ಬೆರಳನ್ನು ಮಡಚುತ್ತವೆ. ಆಲಿಸುವುದಕ್ಕೂ ಎಳೆಯುವುದಕ್ಕೂ ನಡುವೆ, ಮೊಣಕೈಯ ಹತ್ತಿರ ಹೊಲಿದ ಚಿಪ್ಪಿನಲ್ಲಿ, ಒಂದು ನ್ಯೂರಲ್ ನೆಟ್‌ವರ್ಕ್ ಕೂತಿರುತ್ತದೆ. ಈ ಮನುಷ್ಯನ ಈ ಪಿಸುಮಾತಿಗೆ ಯಾವ ತಂತಿ ಎಷ್ಟು ಎಳೆಯಬೇಕು ಎಂದು ತೀರ್ಮಾನಿಸುವುದು ಅದು. ಅದಕ್ಕೆ ಯಾರೂ ಪಾಠ ಹೇಳುವುದಿಲ್ಲ. ಎಳೆದು ನೋಡುತ್ತದೆ. ಲೋಟ ಬಾಯಿಯ ಹತ್ತಿರ ಹೋದರೆ ಶಾಭಾಸಿನ ಅಂಕ, ಚೆಲ್ಲಿದರೆ ಇಲ್ಲ. ಅಂಕ ಹೆಚ್ಚಿಸಿಕೊಳ್ಳುವ ಆಸೆಯಿಂದಲೇ ಕಲಿಯುತ್ತಾ ಹೋಗುತ್ತದೆ.

ತೊಡಕೇನೆಂದರೆ ಅದರ ಕಲಿಕೆ ಬಹಳ ನಿಧಾನ. ಕಂಪ್ಯೂಟರಿನೊಳಗಿನ ಆಟವಾದರೆ ಕೋಟಿ ಸಲ ಸೋಲಬಹುದು. ಇಲ್ಲಿ ಪ್ರತಿ ಸೋಲೂ ಒಬ್ಬ ದಣಿದ ಮನುಷ್ಯನ ತೋಳಿನದು. ಕೇಂದ್ರಕ್ಕೆ ಬರುತ್ತಿದ್ದ ಫಕ್ಕೀರಪ್ಪ ಹೂಗಾರ ಎಂಬ ಬಸ್ ಡ್ರೈವರ್ ತಿಂಗಳುಗಟ್ಟಲೆ ಅದರ ಜೊತೆ ಗುದ್ದಾಡುತ್ತಿದ್ದ. "ಎಡಕ್ಕ ಅಂದ್ರ ಬಲಕ್ಕ ಹೋಗ್ತೈತ್ರಿ ಮೇಡಂ. ಇದಕ್ಕ ಲೈಸೆನ್ಸ್ ಕೊಟ್ಟೋರು ಯಾರು?" ಎಂದು ಬಯ್ಯುತ್ತಿದ್ದ. ಒಮ್ಮೊಮ್ಮೆ ದಣಿದು, ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಆ ದಣಿವನ್ನು ತಪ್ಪಿಸಬೇಕೆಂದೇ ನೀಲಾ ವರ್ಷಗಟ್ಟಲೆ ಒಂದು ಗಣಿತದ ಹಿಂದೆ ಬಿದ್ದಿದ್ದಳು.

ಆ ಗಣಿತವನ್ನು ಅವಳು ಅಕ್ಕನಿಗೆ ಆಸ್ಪತ್ರೆಯ ಮಂಚದ ಪಕ್ಕ ಕೂತು ವಿವರಿಸಿದ್ದು ಹೀಗೆ. ಕತ್ತಲೆಯಲ್ಲಿ ಮೆಟ್ಟಿಲ ಬಾವಿಗೆ ಇಳಿಯಬೇಕಾಗಿದೆ ಅಂದುಕೋ. ಇಳಿಜಾರು ಯಾವ ಕಡೆಗೆ ಎಂಬುದು ಕಾಲಿಗೆ ಗೊತ್ತಾಗುತ್ತದೆ, ಅಷ್ಟೇ. ಹೀಗಾಗಿ ಒಂದೊಂದೇ ಮೆಟ್ಟಿಲು ತಡವರಿಸುತ್ತಾ ಇಳಿಯುತ್ತೀ. ಹಳೆಯ ತೋಳುಗವಸು ಕಲಿಯುವುದು ಹಾಗೆ. ಈಗ ಇಳಿಜಾರು ಎತ್ತ ಎಂಬುದರ ಜೊತೆಗೆ, ಅದು ಮುಂದೆ ಎಲ್ಲಿ ಕಡಿದಾಗುತ್ತದೆ, ಎಲ್ಲಿ ಸಪಾಟಾಗುತ್ತದೆ, ಹೇಗೆ ಬಾಗುತ್ತದೆ ಎಂಬುದೂ ಕಾಲಿಗೆ ತಿಳಿದರೆ?

"ದಡದಡ ಇಳೀತೀನಿ," ಎಂದಿದ್ದಳು ಗಂಗವ್ವ.

"ಅದ ನಮ್ಮ ಹೊಸಾದು."

ಹೇಳುವುದು ಸುಲಭ. ನೆಟ್‌ವರ್ಕಿನೊಳಗೆ ತಿರುಪುಗಳಂಥ ಲಕ್ಷಾಂತರ ಸಂಖ್ಯೆಗಳಿರುತ್ತವೆ. ಒಂದನ್ನು ತಿರುವಿದರೆ ಉಳಿದವು ಹೇಗೆ ಅದುರುತ್ತವೆ ಎಂಬ ಬಾಗುವಿಕೆಯ ಲೆಕ್ಕ ಇಡಲು ಲಕ್ಷ ಅಡ್ಡಸಾಲು, ಲಕ್ಷ ಕಂಬಸಾಲಿನ ಕೋಷ್ಟಕ ಬೇಕು. ದೊಡ್ಡ ಕಂಪ್ಯೂಟರುಗಳಿಗೂ ಅದು ಭಾರವೇ. ಆ ಕೋಷ್ಟಕವನ್ನು ಪದರ ಪದರವಾಗಿ ಒಡೆದು, ಪ್ರತಿ ಪದರಕ್ಕೂ ಎರಡು ಪುಟ್ಟ ಕೋಷ್ಟಕ ಮಾಡಿ, ಅವುಗಳ ಗುಣಾಕಾರವನ್ನೇ ದೊಡ್ಡದರ ಬದಲಿಗೆ ಹೆಚ್ಚುಕಡಿಮೆ ಬಳಸಬಹುದೆಂಬ ಉಪಾಯ ಜಗತ್ತಿಗೆ ಮೊದಲೇ ಗೊತ್ತಿತ್ತು. ನೀಲಾ ಅದನ್ನು ಇನ್ನಷ್ಟು ಹಿಂಡಿ, ಕುಗ್ಗಿಸಿ, ಮೊಣಕೈಯ ಮೇಲಿನ ಚಿಪ್ಪಿಗೆ ಹಿಡಿಸುವಂತೆ ಮಾಡಿದ್ದಳು. ಒಂದೇ ಹೆಜ್ಜೆಗೆ ತೀರಾ ದೂರ ಹಾರಿ ರೋಗಿಯ ತೋಳು ತಿರುಚದಂತೆ ಕಡಿವಾಣವನ್ನೂ ಹಾಕಿದ್ದಳು. ಆರೋಗ್ಯವಂತರ ಮೇಲೆ ಪರೀಕ್ಷೆ ಮುಗಿದಿತ್ತು. ರೋಗಿಗಳಿಗೆ ತೊಡಿಸಲು ನೈತಿಕ ಸಮಿತಿಯ ಒಪ್ಪಿಗೆಯೂ ಬಂದಿತ್ತು.

"ಮೊದಲನೇ ರೋಗಿ ನಾನ ಆಗ್ತೀನಿ," ಎಂದಳು ಗಂಗವ್ವ. "ಖಾನಾವಳಿ ಬಾಗಿಲಾ ಹಾಕಿ ಎಷ್ಟು ದಿನಾ ಕುಂಡ್ರಲಿ?"

ತೊಡಿಸಿದ ದಿನ ಪ್ರಯೋಗಾಲಯದಲ್ಲಿ ಇದ್ದವರು ನೀಲಾ ಮತ್ತು ಫಿಸಿಯೋಥೆರಪಿಸ್ಟ್ ಜುಬೇದಾ ಮುಲ್ಲಾ. ಮೊದಮೊದಲು ತೋಳು ಅತ್ತಿತ್ತ ಹೊಯ್ದಾಡಿತು. ಲೋಟ ಉರುಳಿತು, ಮತ್ತೆ ಇಟ್ಟರು, ಮತ್ತೆ ಉರುಳಿತು. ಫಕ್ಕೀರಪ್ಪನನ್ನು ನೋಡಿದ್ದ ಜುಬೇದಾ ನೆಲ ಒರೆಸುವ ಬಟ್ಟೆ ಹತ್ತಿರವೇ ಇಟ್ಟುಕೊಂಡಿದ್ದಳು. ಆದರೆ ಮುಂದೆ ಅದು ಬೇಕಾಗಲಿಲ್ಲ. ಪರದೆಯ ಮೇಲೆ ಅಂಕಗಳ ಗೆರೆ ಏಕಾಏಕಿ ಮೇಲೆದ್ದಿತು. ಚಹಾದ ಹೊತ್ತಿಗೆ ಗಂಗವ್ವ ಬಲಗೈಯಲ್ಲೇ ಕಪ್ಪು ಹಿಡಿದು ಚಹಾ ಕುಡಿಯುತ್ತಿದ್ದಳು.

"ಯಾ ಅಲ್ಲಾ," ಎಂದಳು ಜುಬೇದಾ. ಅವಳ ಕಣ್ಣು ತುಂಬಿದ್ದವು. "ಮೇಡಂ, ಇದು ಫಕ್ಕೀರಪ್ಪಗ ಇನ್ನೂ ಬಂದಿಲ್ರಿ!"

ನೀಲಾ ಅಕ್ಕನ ಪಾದ ಮುಟ್ಟಿ ನಮಸ್ಕರಿಸಿದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಮುಂದಿನ ವಾರ ಖಾನಾವಳಿಯ ಬಾಗಿಲು ತೆರೆಯಿತು. ಕಪ್ಪು ಬಟ್ಟೆಯ ತೋಳು ತೊಟ್ಟು, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಕವರು ಹಾಕಿಕೊಂಡು ಗಂಗವ್ವ ರೊಟ್ಟಿ ಬಡಿದಳು. ನೋಡಲು ಓಣಿಯೇ ನೆರೆಯಿತು. ರೊಟ್ಟಿಯ ಅಂಚು ಮೊದಲ ದಿನ ತುಸು ಹರಿಯಿತು, ಮರುದಿನ ಅದೂ ಇಲ್ಲ. ಒಬ್ಬ ಹತ್ತಿ ದಲ್ಲಾಳಿ ಎಣಗಾಯಿ ಪಲ್ಯ ನೆಂಚಿಕೊಳ್ಳುತ್ತಾ, "ಗಂಗಕ್ಕಾ, ಮದಲಿನಕಿಂತ ತೆಳ್ಳಗ ಆಗ್ಯಾವ ನೋಡು," ಎಂದ. ಗಂಗವ್ವ ನಕ್ಕಳು. ಅವಳು ನಕ್ಕದ್ದನ್ನು ನೋಡಿ ನೀಲಾ ಒಳಗೆ ಹೋಗಿ, ಜೋಳದ ಚೀಲಗಳಿಗೆ ಆತು ನಿಂತು ಅತ್ತಳು.

ಫಕ್ಕೀರಪ್ಪ ಮತ್ತು ಹಳೆಯ ಗವಸು ತೊಟ್ಟಿದ್ದ ಒಂದಿಬ್ಬರನ್ನು ಬಿಟ್ಟರೆ, ಕೇಂದ್ರಕ್ಕೆ ಬಂದವರಿಗೆಲ್ಲ ಇನ್ನು ಹೊಸದೇ. ಫಕ್ಕೀರಪ್ಪನಿಗೂ ಬದಲಿಸಿಕೊಡುವುದಾಗಿ ಹೇಳಿದ್ದರು. ಅವನು ತಲೆ ಅಲ್ಲಾಡಿಸಿದ್ದ. "ಇದಕ್ಕ ಇಷ್ಟು ಕಲಿಸೇನಿ. ಈಗ ಹ್ಯಾಂಗ್ ಬಿಡೂದ್ರಿ?"

ಮನೆಯಲ್ಲಿ ಗಂಗವ್ವನ ದಿನಗಳು ಗವಸಿನ ಸುತ್ತ ಹೊಂದಿಕೊಂಡವು. ಬೆಳಿಗ್ಗೆ ನೀಲಾ ತೊಡಿಸಬೇಕು, ರಾತ್ರಿ ಬಿಚ್ಚಿ ಚಾರ್ಜಿಗಿಡಬೇಕು. ಜುಬೇದಾ ಹೇಳಿಕೊಟ್ಟ ಬರಿಗೈ ವ್ಯಾಯಾಮಗಳನ್ನು ಮೊದಲ ಕೆಲ ವಾರ ಮಾಡಿ ಗಂಗವ್ವ ಕೈಬಿಟ್ಟಳು. "ಹಗಲೆಲ್ಲಾ ಕೈ ದುಡೀತೈತಿ. ಮತ್ತ ರಾತ್ರಿ ಯಾಕ ಅದಕ್ಕ ಕಾಟಾ?" ಎಂದಳು. ನೀಲಾಳಿಗೂ ಅದು ಸರಿಯೆನಿಸಿತು. ದಿನವಿಡೀ ಚಲಿಸುತ್ತಿರುವ ಕೈಗೆ ಅದಕ್ಕಿಂತ ದೊಡ್ಡ ವ್ಯಾಯಾಮ ಯಾವುದಿದೆ?

ಒಮ್ಮೆ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಾಗ ಗಂಗವ್ವ ಹೇಳಿದ್ದಳು: "ಒಂದು ಮಾತು ಹೇಳಲೇನು? ನಾ ಮಾಡಬೇಕಂತ ಅನ್ಕೊಳ್ಳೂದ್ರೊಳಗ ಆಗಿ ಹೋಗಿರತೈತಿ. ಸಣ್ಣಾಕಿದ್ದಾಗ ಮಾಸ್ತರು ಕೈ ಹಿಡದು ಅಕ್ಷರಾ ತಿದ್ದಸ್ತಿದ್ರಲ್ಲ, ಹಂಗ. ಬರ್ದಾಕಿ ನಾನು, ಬರ್ಸಿದ್ದು ಅವರು."

"ಅಂದ್ರ ಅದಕ್ಕ ನಿನ್ನ ಮನಸು ಪೂರಾ ಗೊತ್ತಾಗೈತಿ," ಎಂದಿದ್ದಳು ನೀಲಾ, ಹೆಮ್ಮೆಯಿಂದ.

ಬೇಸಿಗೆ ಕಳೆದು, ಮಳೆಗಾಲ ಕಳೆದು, ದಸರೆಯೂ ಮುಗಿದ ಮೇಲೆ ಗವಸಿನ ಒಂದು ಮೋಟಾರು ಕೆಟ್ಟಿತು. ಬಿಡಿಭಾಗ ಬರುವವರೆಗೆ ಅದನ್ನು ಕೇಂದ್ರದಲ್ಲೇ ಇಡಬೇಕಾಯಿತು. ಆ ಭಾನುವಾರ ಮುಂಜಾನೆ ಗಂಗವ್ವ ಎರೆದುಕೊಂಡು ಬಂದು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನೀಲಾ ಅವಳ ತಲೆ ಬಾಚುತ್ತಿದ್ದಳು. ಬಲಗೈ ತೊಡೆಯ ಮೇಲಿತ್ತು. ಹಗಲು ಬೆಳಕಿನಲ್ಲಿ ಆ ಕೈಯನ್ನು ಗವಸಿಲ್ಲದೆ ನೋಡಿ ಎಷ್ಟೋ ದಿನಗಳಾಗಿದ್ದವು. ರಾತ್ರಿ ನಿದ್ದೆಗಣ್ಣಿನಲ್ಲಿ ಬಿಚ್ಚಿಡುವಾಗ ಯಾರು ದಿಟ್ಟಿಸಿ ನೋಡುತ್ತಾರೆ? ಮೊಣಕೈಯ ಕೆಳಗೆ ತೋಳು ಸಣ್ಣದಾಗಿತ್ತು. ಚರ್ಮ ಸಡಿಲವಾಗಿತ್ತು.

ನೀಲಾ ಬಾಚಣಿಗೆ ಕೆಳಗಿಟ್ಟು ಮುಂದೆ ಬಂದು ಕೂತಳು. ತೋರುಬೆರಳನ್ನು ಅಕ್ಕನ ಅಂಗೈಯೊಳಗೆ ಇಟ್ಟಳು.

"ಹಿಡಿ ಅಕ್ಕಾ."

ಗಂಗವ್ವ ಹಣೆ ಗಂಟು ಹಾಕಿ ಕೈಯನ್ನೇ ನೋಡಿದಳು. ಹೆಗಲು ಮುಂದಕ್ಕೆ ಬಂತು, ಕುತ್ತಿಗೆಯ ನರ ಉಬ್ಬಿತು. ಬೆರಳುಗಳು ಅಲ್ಲಾಡಲಿಲ್ಲ.

"ಹಿಡಿಯಾಕತ್ತೀನಿ," ಎಂದಳು.

"ಹೌದಕ್ಕಾ," ಎಂದಳು ನೀಲಾ. ಅವಳ ಬೆರಳಿಗೆ ಏನೂ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿದ್ದ ಆ ಕೂಸಿನ ಹಿಡಿತವೂ ಈಗ ಇರಲಿಲ್ಲ.

ಮರುದಿನ ಕೇಂದ್ರಕ್ಕೆ ಹೋದಾಗ ಫಕ್ಕೀರಪ್ಪ ಕಾಯುತ್ತಾ ನಿಂತಿದ್ದ. ಹಳೆಯ ತೋಳುಗವಸನ್ನು ಮಡಿಚಿ ಎಡಗಂಕುಳಲ್ಲಿ ಇಟ್ಟುಕೊಂಡಿದ್ದ. ಬಲಗೈಯಲ್ಲಿ ಧಾರವಾಡ ಪೇಡೆಯ ಡಬ್ಬಿ ಹಿಡಿದಿದ್ದ. ಕೈ ತುಸು ನಡುಗುತ್ತಿತ್ತು, ಆದರೆ ಡಬ್ಬಿ ಬೀಳಲಿಲ್ಲ.

"ಡಿಪೋದಾಗ ಕೆಲಸಾ ಕೊಟ್ರು ಮೇಡಂ. ಸ್ಟೇರಿಂಗ್ ಮ್ಯಾಲ ಅಲ್ಲ ಬಿಡ್ರಿ, ಆಫೀಸಿನ್ಯಾಗ. ಇದು ಇನ್ನ ನಂಗ ಬ್ಯಾಡ, ಯಾರಿಗರ ಕೊಡ್ರಿ," ಎಂದು ಗವಸನ್ನು ಮೇಜಿನ ಮೇಲಿಟ್ಟ. ಡಬ್ಬಿಯ ಮುಚ್ಚಳ ತೆಗೆದು, ಒಂದು ಪೇಡೆಯನ್ನು ಎರಡು ಬೆರಳಲ್ಲಿ ಎತ್ತಿ ಅವಳ ಅಂಗೈ ಮೇಲಿಟ್ಟ. ಬರಿಗೈ ಅದು. ಲಕ್ವಾ ಹೊಡೆದಿದ್ದ ಬಲಗೈ.

ನೀಲಾ ಪೇಡೆಯನ್ನು ತಿನ್ನದೆ ಹಿಡಿದುಕೊಂಡೇ ನಿಂತಳು. "ಹ್ಯಾಂಗ ಬಂತು ಫಕ್ಕೀರಪ್ಪಾ ಇಷ್ಟು?"

"ಏನ್ ಹೇಳ್ಲಿರಿ. ನಿಮ್ಮ ಮಷೀನು ಭಾಳ ದಡ್ಡ ಐತ್ರಿ. ಸಿಟ್ಟಾಗಬ್ಯಾಡ್ರಿ ಮತ್ತ. ನಾ ಜೋರು ಮಾಡಿ ಎತ್ತಿದ್ರಷ್ಟ ಅದಕ್ಕ ತಿಳೀತಿತ್ತು. ಅದಕ್ಕ ಕಲಿಸ್ತಾ ಕಲಿಸ್ತಾ ನಾನ ಕಲತೆ."

ಅವನು ನಗುತ್ತಾ ಹೇಳಿದ ಮಾತು ಅದು. ಅವನು ಹೋದ ಮೇಲೆ ನೀಲಾ ಜುಬೇದಾಳನ್ನು ಕರೆದು, ಬಾಗಿಲು ಮುಂದೆ ಮಾಡಿ, ಎರಡು ಗವಸುಗಳೂ ಆಲಿಸಿದ್ದ ಸಂಕೇತಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೆರೆದಳು. ಗವಸಿನ ಅಂಕಗಳ ಗೆರೆಯನ್ನು ಅವರು ನೂರು ಸಲ ನೋಡಿದ್ದರು, ಹೊಗಳಿದ್ದರು, ಸಮ್ಮೇಳನಗಳಲ್ಲಿ ತೋರಿಸಿದ್ದರು. ಮನುಷ್ಯನ ಸ್ನಾಯುವಿನ ಗೆರೆಯನ್ನು ಅದೊಂದನ್ನೇ ಬೇರೆ ಮಾಡಿ ಯಾರೂ ನೋಡಿರಲಿಲ್ಲ.

ಫಕ್ಕೀರಪ್ಪನ ಗೆರೆ ಏಳುತ್ತಾ ಬೀಳುತ್ತಾ, ಮುಗ್ಗರಿಸುತ್ತಾ, ಒಟ್ಟಿನಲ್ಲಿ ಮೇಲಕ್ಕೇ ಹೋಗಿತ್ತು. ಗಂಗವ್ವನದು ಮೊದಲ ಮಧ್ಯಾಹ್ನ ಜೋರಾಗಿ ಎದ್ದು, ಆಮೇಲೆ ದಿನದಿಂದ ದಿನಕ್ಕೆ ತಗ್ಗಿ, ಮಳೆಗಾಲದ ಹೊತ್ತಿಗೆ ನೆಲದ ಗೆರೆಯಲ್ಲಿ ಬೆರೆತು ಹೋಗಿತ್ತು.

ಆದದ್ದು ಏನೆಂದು ಬಿಡಿಸಿಕೊಳ್ಳಲು ನೀಲಾಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಂತ್ರಕ್ಕೆ ಅವರು ಹೇಳಿದ್ದು, ಕೆಲಸ ಸಲೀಸಾಗಿ ಆದರೆ ಅಂಕ ಎಂದು. ಸೋತ ಸ್ನಾಯುವಿನ ಮಾತು ತೊದಲು, ನಂಬಲಾಗದ್ದು. ಹೆಗಲು ವಾಲುವ ರೀತಿ, ಬೆನ್ನು ಬಾಗುವ ರೀತಿ ಸ್ಪಷ್ಟ. ಹೆಗಲು ನೋಡಿಯೇ ಮನಸ್ಸನ್ನು ಊಹಿಸಿ, ತೋಳಿನ ಮಾತಿಗೆ ಕಾಯದೆ ತಾನೇ ಎಳೆದುಬಿಟ್ಟರೆ ಅಂಕ ಹೆಚ್ಚು. ಹಳೆಯ ಗವಸೂ ಕೊನೆಗೆ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು. ಆದರೆ ಅದು ತಡವರಿಸುತ್ತಾ ಇಳಿಯುವಷ್ಟರಲ್ಲಿ ಫಕ್ಕೀರಪ್ಪನ ತೋಳು ತನ್ನ ಕೆಲಸವನ್ನು ತಾನು ಮರಳಿ ಕಲಿತಿತ್ತು. ನೀಲಾಳ ಗಣಿತ ಅದೇ ಜಾಗಕ್ಕೆ ಒಂದು ಮಧ್ಯಾಹ್ನದಲ್ಲಿ ಹೋಗಿ ಮುಟ್ಟಿತು. ಲಕ್ವಾ ಹೊಡೆದ ನಂತರದ ಕೆಲವು ತಿಂಗಳು ಮೆದುಳು ಹಸಿಮಣ್ಣಿನ ಹಾಗಿರುತ್ತದೆ. ಸತ್ತ ದಾರಿಯ ಬದಲು ಹೊಸ ದಾರಿ ತುಳಿಯಲು ಅದಕ್ಕೆ ಆಗ ಸಾಧ್ಯ. ತುಳಿಯಬೇಕಾದ ಅಗತ್ಯವೇ ಬೀಳದಿದ್ದರೆ ಮಣ್ಣು ಹಾಗೆಯೇ ಒಣಗುತ್ತದೆ.

"ಲೆಕ್ಕದಾಗ ತಪ್ಪಾಗೇದೇನ್ರಿ ಮೇಡಂ?" ಜುಬೇದಾ ಮೆಲ್ಲಗೆ ಕೇಳಿದಳು.

"ಇಲ್ಲ ಜುಬೇದಾ. ಲೆಕ್ಕಾ ಸರಿ ಐತಿ," ಎಂದಳು ನೀಲಾ. "ನಾವು ಕೇಳಿದ್ದನ್ನ ಅದು ಕೊಟ್ಟೈತಿ."

ಅಂದೇ ನಿರ್ದೇಶಕರ ಮುಂದೆ ಎಲ್ಲವನ್ನೂ ಇಟ್ಟಳು. ಹೊಸ ಗವಸು ಕೊಡುವುದು ನಿಂತಿತು. ಅದನ್ನು ತೊಟ್ಟವರನ್ನೆಲ್ಲ ವಾಪಸ್ಸು ಕರೆದರು. ಮುಂದಿನ ವಾರಗಳಲ್ಲಿ ನೀಲಾ ಅಂಕ ಕೊಡುವ ರೀತಿಯನ್ನೇ ಬದಲಿಸಿದಳು. ಇನ್ನು ಮೇಲೆ ರೋಗಿಯ ಸ್ವಂತ ಸ್ನಾಯು ಎಷ್ಟು ದುಡಿಯಿತೋ ಅಷ್ಟೇ ಶಾಭಾಸು, ಗವಸು ಬೇಕೆಂದೇ ಹಿಂದೆ ಉಳಿಯಬೇಕು, ಅರ್ಧಕ್ಕೆ ಕೈಬಿಡಬೇಕು. ಅದೇ ವೇಗದ ಗಣಿತವನ್ನು ಈಗ ಎಷ್ಟು ಹಿಂದೆ ಉಳಿಯಬೇಕೆಂದು ಕಲಿಯಲು ಹಚ್ಚಿದಳು. ಇತ್ತೀಚೆಗೆ ಲಕ್ವಾ ಹೊಡೆದವರಿಗೆ ಇದರಿಂದ ಉಪಯೋಗವಾಗುವ ಸಾಧ್ಯತೆ ಇತ್ತು. ಗಂಗವ್ವ ಮೊದಲನೆಯವಳು. ಅವಳ ತಿಂಗಳುಗಳು ಮುಗಿದಿದ್ದವು.

ಅಕ್ಕನಿಗೆ ಹೇಳುವುದನ್ನು ನೀಲಾ ಮುಂದೂಡುತ್ತಾ ಬಂದಳು. ಕಡೆಗೊಂದು ಮಧ್ಯಾಹ್ನ, ಗಿರಾಕಿಗಳು ಹೋದ ಮೇಲೆ, ಒಲೆಯ ಪಕ್ಕ ಕೂತು ಹೇಳಿದಳು. ರಿಪೇರಿಯಾಗಿ ಬಂದ ಗವಸು ತೊಟ್ಟ ಗಂಗವ್ವ ಉಳಿದ ಹಿಟ್ಟು ನಾದುತ್ತಲೇ ಕೇಳಿದಳು.

"ಅಂದ್ರ," ಎಂದಳು ಕೊನೆಗೆ, "ಇದನ್ನ ಹಾಕ್ಕೊಳ್ಳಲಾರದ ಇದ್ದಿದ್ರ ನನ್ನ ಕೈ ಬರ್ತಿತ್ತೇನು?"

"ಖರೇ ಹೇಳಾಕ ಬರೂದಿಲ್ಲಕ್ಕಾ. ಬರಬಹುದಿತ್ತು. ಪೂರಾ ಅಲ್ಲದಿದ್ರೂ ಸ್ವಲ್ಪರ ಬರ್ತಿತ್ತು."

ಬಲಗೈ ನಾದುತ್ತಲೇ ಇತ್ತು. ಗಂಗವ್ವ ಅದನ್ನು ನೋಡಿದಳು, ಬೇರೆ ಯಾರದೋ ಕೈಯನ್ನು ನೋಡುವಂತೆ. "ಸಾಕು ನಿಲ್ಲು," ಎಂದಳು. ತಂಗಿಗೋ ಕೈಗೋ ತಿಳಿಯಲಿಲ್ಲ. ಎದ್ದು ಮೇಲಿನ ಮನೆಗೆ ಹೋದಳು.

ಅವಳು ಬೈದಿದ್ದರೆ ನೀಲಾಳಿಗೆ ಹಗುರಾಗುತ್ತಿತ್ತು. ಗಂಗವ್ವ ಬಯ್ಯಲಿಲ್ಲ. ಬಡಿಸುವಾಗ ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ತಾನಾಗಿ ಮಾತು ತೆಗೆಯುವುದನ್ನು ಮಾತ್ರ ಬಿಟ್ಟಳು. ನೀಲಾ ಬದಲಿಸಿದ ಗವಸನ್ನು ಚಳಿಗಾಲವಿಡೀ ಅವಳಿಗೆ ತೊಡಿಸಿ ಪ್ರಯತ್ನಿಸಿದಳು. ಖಾನಾವಳಿಗೆ ರೊಟ್ಟಿ ಬಡಿಯಲು ಬೇರೆ ಹೆಂಗಸೊಬ್ಬಳನ್ನು ಇಟ್ಟರು. ಗಂಗವ್ವ ಬೆವರು ಸುರಿಸಿ ದುಡಿದಳು. ಹೆಬ್ಬೆರಳು ಒಮ್ಮೊಮ್ಮೆ ಅದುರುವುದು ಬಿಟ್ಟು ಮತ್ತೇನೂ ಬರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಅವಳೇ, "ನಂಗ ನನ್ನ ಮದಲಿನದ ಕೊಡವಾ. ಕೈ ಬರಲಾರದ್ದು ಬರೂದಿಲ್ಲ. ರೊಟ್ಟಿ ಆದರೂ ಬರಲಿ," ಎಂದಳು.

ಕೇಂದ್ರದಲ್ಲಿ ಬೇರೆ ತಾಪತ್ರಯ ಶುರುವಾಗಿತ್ತು. ಒಂದು ಮಧ್ಯಾಹ್ನದಲ್ಲಿ ಕಲಿಯುವ ತೋಳಿನ ಸುದ್ದಿ ಊರೂರು ಹಬ್ಬಿತ್ತು. ಅದನ್ನು ಕೇಳಿಕೊಂಡು ಬಂದವರಿಗೆ ಬೇಕೆಂದೇ ಹಿಂದೆ ಉಳಿಯುವ ತೋಳು ಕೊಟ್ಟರೆ ಯಾರು ಒಪ್ಪುತ್ತಾರೆ? ರೋಹಿಣಿ ಬಡಿಗೇರ ಎಂಬ ಹೆಣ್ಣುಮಗಳು ನರಗುಂದದಿಂದ ಬಂದಿದ್ದಳು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಲಕ್ವಾ ಹೊಡೆದಿತ್ತು. ಕೂಸು ಅಜ್ಜಿಯ ಹತ್ತಿರ ಹೊರಗಿನ ಬೆಂಚಿನ ಮೇಲಿರುತ್ತಿತ್ತು. ಒಳಗೆ ರೋಹಿಣಿ ಕೂಸಿನ ತೂಕದ ಒಂದು ಬಟ್ಟೆಯ ಗಂಟನ್ನು ಎತ್ತಿಕೊಳ್ಳಲು ಒದ್ದಾಡುತ್ತಿದ್ದಳು. ಗಂಟು ಜಾರಿ ಬಿದ್ದಾಗಲೆಲ್ಲ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು.

ಅವಳ ಗಂಡ ಮೌನೇಶ ಒಂದು ದಿನ ಸಹನೆ ಕಳೆದುಕೊಂಡ. "ಮಂದಿಗೆ ಛಲೋದು ಕೊಟ್ಟು ನಮಗ ಈ ಮಂದ ಮಷೀನು ಯಾಕ್ರಿ ಕೊಡ್ತೀರಿ? ನಿಮ್ಮ ಅಕ್ಕಾರಿಗೆ ಯಾವ್ದು ಕೊಟ್ಟೀರಿ? ನಾವು ಹಳ್ಳ್ಯಾಗಿನವ್ರು ಅಂತೇನು?"

ನೀಲಾ ವಿವರಿಸಿದಳು. ಅವನಿಗೆ ಅದು ನೆಪದಂತೆ ಕೇಳಿಸಿತು. ನಾಳೆ ಅಕ್ಕನದರಂಥದ್ದೇ ಕೊಡದಿದ್ದರೆ ಊರಿಗೆ ಹೋಗುತ್ತೇವೆ ಎಂದ.

ಆ ಸಂಜೆ ಊಟಕ್ಕೆ ಕೂತಾಗ ನೀಲಾ ಇದನ್ನು ಹೇಳಿದಳು, ಉತ್ತರದ ನಿರೀಕ್ಷೆ ಇಲ್ಲದೆ. ಗಂಗವ್ವ ಕೇಳಿದ್ದು ಒಂದೇ: "ಕೂಸು ಗಂಡೋ ಹೆಣ್ಣೋ?"

"ಗಂಡು."

ಮರುದಿನ ಮುಂಜಾನೆ ಪ್ರಯೋಗಾಲಯದ ಬಾಗಿಲಲ್ಲಿ ಗಂಗವ್ವ ನಿಂತಿದ್ದಳು. ಇಳಕಲ್ ಸೀರೆಯ ಸೆರಗು ಹೊದ್ದು, ಗವಸು ತೊಟ್ಟು, ಖಾನಾವಳಿ ಬಿಟ್ಟು ಆಟೋದಲ್ಲಿ ಬಂದಿದ್ದಳು. ಮೌನೇಶ ಚೀಲ ಕಟ್ಟುತ್ತಿದ್ದ. ಗಂಗವ್ವ ನೇರ ಹೋಗಿ ರೋಹಿಣಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮೇಜಿನ ಮೇಲಿದ್ದ ಗಂಟನ್ನು ಎರಡೂ ಕೈ ಚಾಚಿ ಎತ್ತಿ, ಎದೆಗೆ ಒರಗಿಸಿ, ಬಲಗೈಯಿಂದ ಅದರ ಬೆನ್ನು ತಟ್ಟಿದಳು. ಹತ್ತು ಮಕ್ಕಳನ್ನು ಸಾಕಿದವಳ ಹಾಗಿತ್ತು ಅದು.

ರೋಹಿಣಿಯ ಕಣ್ಣು ಅರಳಿದವು. "ನಂಗ ಇದ ಬೇಕ್ರಿ," ಎಂದಳು.

"ಬೇಕನಸ್ತೈತಿ," ಎಂದಳು ಗಂಗವ್ವ. ಗಂಟನ್ನು ಕೆಳಗಿಟ್ಟು ತಂಗಿಯ ಕಡೆ ತಿರುಗಿದಳು. "ಬಿಚ್ಚು."

"ಅಕ್ಕಾ, ಇಲ್ಲೆ ಬ್ಯಾಡ."

"ಬಿಚ್ಚು ಅಂದೆ."

ಗವಸಿಲ್ಲದ ಕೈಯನ್ನು ಗಂಗವ್ವ ಓಣಿಯಲ್ಲಿ ಯಾರಿಗೂ ತೋರಿಸಿರಲಿಲ್ಲ. ನೀಲಾ ಒಂದೊಂದೇ ಪಟ್ಟಿ ಕಿತ್ತಳು. ಕೊನೆಯ ಪಟ್ಟಿ ಬಿಟ್ಟೊಡನೆ ತೋಳು ಕುರ್ಚಿಯ ಪಕ್ಕಕ್ಕೆ ಜೋತುಬಿತ್ತು. ಗಂಗವ್ವ ಎಡಗೈಯಿಂದ ಅದನ್ನು ಎತ್ತಿ ರೋಹಿಣಿಯ ಅಂಗೈಯ ಮೇಲಿಟ್ಟಳು.

"ಹಿಡಕೊಂಡು ನೋಡವಾ. ಹೊಳ್ಳಿ ಹಿಡೀತೈತೇನು?"

ರೋಹಿಣಿ ತಲೆ ಅಲ್ಲಾಡಿಸಿದಳು.

"ಈಗ ಗಂಟು ಎತ್ತಿದ್ದು ನಾನಲ್ಲ. ಅದು. ದಿನಾ ರೊಟ್ಟಿ ಬಡಿಯೂದೂ ಅದು. ಭಾಳ ಶಾಣ್ಯಾ ಐತಿ. ನಾ ಕಲಿಯೂದ್ರಾಗ ಅದ ಕಲತು ಬಿಡ್ತು, ನಂಗ ಕಲಿಯಾಕ ಏನೂ ಉಳೀಲಿಲ್ಲ. ನಿನ್ನ ಮಗನ್ನ ಅದು ಎತ್ಕೊಂಡ್ರ ಸಾಕಂದ್ರ ಅದನ್ನ ತಗೋ."

ಮೌನೇಶ ಚೀಲ ಬಿಟ್ಟು ನಿಂತಿದ್ದ. ರೋಹಿಣಿಯ ಕೆನ್ನೆ ಒದ್ದೆಯಾಗಿತ್ತು. "ನಾ ಕಲಿಯೂ ಅಷ್ಟರಾಗ ಅಂವಾ ದೊಡ್ಡಾಂವ ಆಗಿ ಬಿಡ್ತಾನ್ರಿ ಅಕ್ಕಾರ. ಈ ದಿನಾ ಮತ್ತ ಬರ್ತಾವೇನ್ರಿ?"

"ಬರೂದಿಲ್ಲ," ಎಂದಳು ಗಂಗವ್ವ. "ಸುಳ್ಳು ಯಾಕ ಹೇಳ್ಲಿ. ಅವು ಹೋದಂಗ."

ರೋಹಿಣಿ ಗಂಟಿನ ಕಡೆ ಕೈ ಚಾಚಿದಳು. ಅವಳ ತೋಳುಗವಸು ಅರೆಮನಸ್ಸಿನಿಂದ ತುಸು ಎಳೆದು ಬಿಟ್ಟಿತು. ಗಂಟು ಜಾರಿ ನೆಲಕ್ಕೆ ಬಿತ್ತು. ಮೌನೇಶ ಬಗ್ಗಿ ಅದನ್ನು ಎತ್ತಿ ಮತ್ತೆ ಮೇಜಿನ ಮೇಲಿಟ್ಟ.

ಅವರು ಊರಿಗೆ ಹೋಗಲಿಲ್ಲ. ಹುಬ್ಬಳ್ಳಿಯಲ್ಲೇ ಒಂದು ಕೋಣೆ ಹಿಡಿದರು. ರೋಹಿಣಿಯ ಸ್ನಾಯುವಿನ ಗೆರೆ ಏಳುತ್ತಾ ಬೀಳುತ್ತಾ ಮೇಲಕ್ಕೆ ಹೋಯಿತು. ಅದರ ಜೊತೆಯಲ್ಲೇ ಹೊರಗಿನ ಬೆಂಚಿನ ಮೇಲಿದ್ದ ಕೂಸು ಮಗುಚಿತು, ಕೂತಿತು, ಬೆಂಚು ಹಿಡಿದು ನಿಂತಿತು. ರೋಹಿಣಿ ಗವಸಿಲ್ಲದ ಕೈಗಳಲ್ಲಿ ಅವನನ್ನು ಮೊದಲ ಸಲ ಎತ್ತಿಕೊಂಡ ದಿನ ಅವನಿಗೆ ನಡೆಯಲು ಬರುತ್ತಿತ್ತು. ಅಮ್ಮನ ತೋಳಿನಲ್ಲಿ ಒಂದು ಗಳಿಗೆ ಇದ್ದು, ಕೆಳಗಿಳಿಯಲು ಕೊಸರಾಡಿದ. ಅವಳು ನಗುತ್ತಾ, ಅಳುತ್ತಾ, ಅವನನ್ನು ಇಳಿಸಿದಳು. ಅವನು ಕಾರಿಡಾರಿನಲ್ಲಿ ಓಡಿಹೋದ.

ನೀಲಾ ಅದನ್ನು ಹೇಳಲೆಂದೇ ಅಂದು ಬೇಗ ಮನೆಗೆ ಬಂದಳು. ಗಂಗವ್ವ ಒಲೆ ಆರಿಸಿ, ಬಾಗಿಲ ಬಳಿ ಗಾಳಿಗೆ ಕೂತಿದ್ದಳು.

"ಪೂರಾ ಬಂತೇನು ಕೈ?" ಎಂದು ಕೇಳಿದಳು.

"ಪೂರಾ ಇಲ್ಲಕ್ಕಾ. ಮಗನ್ನ ಎತ್ಕೊಳ್ಳೋವಷ್ಟು."

"ಸಾಕು ಬಿಡು. ಅಷ್ಟು ಸಾಕು."

ಓಣಿಯಲ್ಲಿ ಹತ್ತಿಯ ಗಾಡಿಯೊಂದು ಹಾದುಹೋಯಿತು. ಗಂಗವ್ವ ಅದು ಹೋಗುವವರೆಗೆ ನೋಡಿದಳು. ಆಮೇಲೆ, ಅತ್ತ ಮುಖ ಮಾಡಿಯೇ ಕೇಳಿದಳು:

"ಆ ಡ್ರೈವರಂದು ದಡ್ಡ ಮಷೀನು ಅಂತಿದ್ದ್ಯಲ್ಲ. ಅಂಥಾದು ನನ್ನ ವ್ಯಾಳ್ಯಾದಾಗೂ ಇತ್ತೇನು?"

ನೀಲಾ ಹೆಗಲ ಚೀಲ ಕೆಳಗಿಟ್ಟಳು.

"ಇತ್ತಕ್ಕಾ," ಎಂದಳು. "ನಿಂಗ ತೊಡಿಸಿದ ದಿನಾ ಬಾಜೂ ಕ್ವಾಣ್ಯಾಗ ಇತ್ತು. ಕಪಾಟಿನ್ಯಾಗ ಇಟ್ಟಿದ್ವಿ."

ಗಂಗವ್ವ ತಲೆದೂಗಿದಳು. ತಂಗಿಗೆ ಕೂರಲು ತುಸು ಆ ಕಡೆ ಸರಿದು ಜಾಗ ಮಾಡಿಕೊಟ್ಟಳು.